ಹೈಡಾ ದೋಣಿಗೆ ಕಲ್ಲು ಹೊತ್ತವರು

ವ್ಯಾಂಕೂವರ್ ಏರ್‌ಪೋರ್ಟಿಂದ ಓಡಾಡೋ ನಮ್ಮ ಕನ್ನಡದವರು ಸುಮಾರು ಜನ, ಕೆನಡಾದ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನರ ಶಿಲ್ಪಿ ಬಿಲ್ ರೀಡ್ ಅವರ ಆ ಹಸಿರು ಕಂಚಿನ ದೋಣಿ ಮುಂದೆ ನಿಂತು ಫೋಟೋ ತೆಗೆಸ್ಕೊಂಡಿರ್ತೀರ. ಅದು ಶಿಲ್ಪ. ಸಮುದ್ರಕ್ಕಿಳಿಯೋ ನಿಜವಾದ ಹೈಡಾ ದೋಣಿ ಹೆಂಗೆ ಆಗುತ್ತೆ ಅಂತ ಹತ್ರದಿಂದ ನೋಡೋ ಅವಕಾಶ ನಂಗೆ ಆ ಜನರ ನಾಡಾದ ಹೈಡಾ ಗ್ವಾಯ್ ದ್ವೀಪಗಳಲ್ಲಿ ಸಿಕ್ತು, ಅದೂ ಬಾಚಿ ಹಿಡಿದೋರ ಸಾಲಲ್ಲಿ ಅಲ್ಲ, ಸೌದೆ ಒಟ್ಟೋರು ಕಲ್ಲು ಹೊರೋರ ಜೊತೆ.

ದೋಣಿಯ ಮೈ ಒಂದೇ ರೆಡ್ ಸೀಡರ್ ಮರದ ದಿಮ್ಮಿಯಿಂದ ಬರೋದು. ಮೊದಲು ಹೊರಗಿನ ಆಕಾರ, ಆಮೇಲೆ ಒಳಗೆ ತೋಡೋದು. ಗೋಡೆ ಎಷ್ಟು ದಪ್ಪ ಉಳೀತು ಅಂತ ತಿಳಿಯೋಕೆ ಹೊರಗಿಂದ ಸಣ್ಣ ತೂತು ಕೊರೆದು ಅಳತೆಗೆ ಕತ್ತರಿಸಿದ ಕಡ್ಡಿ ತುರುಕ್ತಾರೆ, ಒಳಗಿಂದ ಕೆತ್ತುತ್ತಾ ಕಡ್ಡಿ ತುದಿ ಕಂಡ ತಕ್ಷಣ ಅಲ್ಲಿಗೆ ನಿಲ್ಲಿಸೋದು.

ಕೆತ್ತನೆ ಬಗ್ಗೆ ಎಲ್ರೂ ಮಾತಾಡ್ತಾರೆ, ಆದ್ರೆ ನನ್ನ ಪ್ರಕಾರ ದೋಣಿಯ ಹಣೆಬರಹ ಗೊತ್ತಾಗೋದು ಮರ ಮೆತ್ತಗಾಗಿಸಿ ಅಗಲಿಸೋಕೆ ಆವಿ ಕೊಡೋ ದಿನ. ತಿಂಗಳುಗಟ್ಟಲೆ ಮಾಡಿದ ಕೆಲಸ ಕೆಲವೇ ಗಂಟೇಲಿ ಸೀಳಿಹೋಗಬಹುದು. ನಮ್ಮ ಪಾಲಿಗೆ ಬಂದಿದ್ದು ಕಲ್ಲು ಆರಿಸೋದು, ಬಿರುಕು ಪದರ ಇರೋ ಕಲ್ಲು ಬೆಂಕೀಲಿ ಸಿಡಿಯುತ್ತೆ ಅಂತ ಒಂದೊಂದನ್ನೂ ತಿರುಗಿಸಿ ನೋಡಿ ಗುಡ್ಡೆ ಹಾಕ್ಬೇಕು. ಬೆಳಿಗ್ಗೆ ಕತ್ತಲಲ್ಲೇ ಬೆಂಕಿ ಹಾಕಿ, ಕಲ್ಲು ಕೆಂಪಗಾದ ಮೇಲೆ ಉದ್ದ ಹಿಡಿಯ ಕವೆಗಳಲ್ಲಿ ಎತ್ತಿ ದೋಣಿಯೊಳಗಿನ ನೀರಿಗೆ ಇಳಿಸಿದ್ವಿ, ನೀರು ಬುಸ್ ಅಂತ ಕುದೀತು, ಮೇಲೆ ಹೊದಿಕೆ ಮುಚ್ಚಿದ್ವಿ, ಆರಿದ ಕಲ್ಲು ತೆಗೆಯೋದು ಬಿಸಿದು ಹಾಕೋದು ಮತ್ತೆ ಸೌದೆ, ಇದೇ ನಡೀತಾ ಇತ್ತು, ಸೀಡರ್ ವಾಸನೆ ಬಟ್ಟೆಗೆಲ್ಲ ಹತ್ಕೊಂಡ್ತು. ಮರ ಮೆತ್ತಗಾದ ಹಾಗೆ ಅಡ್ಡ ಕೋಲು ಸಿಕ್ಕಿಸಿ ಬದಿಗಳನ್ನ ಅಗಲಿಸ್ತಾರೆ, ಮತ್ತೆ ಇನ್ನೂ ಉದ್ದದ ಕೋಲು. ಬದಿ ಅಗಲವಾದಾಗ ನಡುಭಾಗದ ಅಂಚು ಕೆಳಗಿಳಿದು ಎರಡೂ ತುದಿ ಮೇಲೇಳುತ್ತೆ! ಇದನ್ನ ಮೊದಲೇ ಲೆಕ್ಕ ಹಾಕಿ ನಡುವೆ ಅಂಚನ್ನ ಉಬ್ಬಿಸಿ ಕೆತ್ತಿರ್ತಾರೆ. ಇನ್ನೂ ಇಲ್ಲದ ಆಕಾರವನ್ನ ತಲೇಲಿ ಇಟ್ಕೊಂಡು ಕೆತ್ತೋದು ಅಂದ್ರೆ ಎಂಥಾ ವಿದ್ಯೆ ಅಂತ ನಂಗೆ ಆವತ್ತು ಅರ್ಥ ಆಯ್ತು.

ಈ ವಿದ್ಯೆ ಹೆಚ್ಚು ಕಮ್ಮಿ ಕೈತಪ್ಪಿ ಹೋಗಿತ್ತು. 1862ರ ಸಿಡುಬು ಊರೂರನ್ನೇ ಖಾಲಿ ಮಾಡಿತು, 1900ರ ಹೊತ್ತಿಗೆ ಉಳಿದಿದ್ದ ಹೈಡಾ ಜನ ಕೆಲವೇ ನೂರು. ಅಲ್ಲಿನ ಕಾಡಲ್ಲಿ ಅರ್ಧ ಕೆತ್ತಿದ ದೋಣಿಗಳು ಈಗಲೂ ಪಾಚಿ ಹಿಡಿದು ಬಿದ್ದಿವೆ. ಅದಕ್ಕೇ ಬಿಲ್ ರೀಡ್ ಮುಂದೆ ನಿಂತು ವ್ಯಾಂಕೂವರಿನ 1986ರ ಎಕ್ಸ್‌ಪೋ ವಿಶ್ವಮೇಳಕ್ಕೆ ಮಾಡಿಸಿದ ಲೂ ಟಾಸ್ ಅನ್ನೋ ದೋಣಿ ನಂಗೆ ಅಷ್ಟು ದೊಡ್ಡದಾಗಿ ಕಾಣೋದು, ಸುಮಾರು 15 ಮೀಟರ್ ಉದ್ದ, 1987ರಲ್ಲಿ ವ್ಯಾಂಕೂವರಿಂದ ಹುಟ್ಟು ಹಾಕ್ಕೊಂಡೇ ಹೈಡಾ ಗ್ವಾಯ್‌ಗೆ ತಂದ್ರು, 1989ರಲ್ಲಿ ಪ್ಯಾರಿಸ್‌ನ ಸೇನ್ ನದೀಲೂ ನಡೆಸಿದ್ರು.

ನಮ್ಮ ದೋಣಿ ಸೀಳಲಿಲ್ಲ. ಕೊನೇ ಕೋಲು ಕೂತಾಗ ಅಡುಗೆ ಮಾಡ್ತಿದ್ದ ಅಜ್ಜಿಯರೂ ಕೆಲಸ ಬಿಟ್ಟು ಬಂದು ನೋಡಿದ್ರು. ಇನ್ನು ಒಣಗಬೇಕು, ಮುಂದಿನ ಹಿಂದಿನ ತುಂಡು ಸೇರಿಸ್ಬೇಕು, ಉಜ್ಜಿ ನುಣುಪು ಮಾಡೋ ಕೆಲಸ ಬೇಕಾದಷ್ಟಿದೆ. ನಿಮಗೂ ಯಾರಾದ್ರೂ ಇಂಥ ಕಡೆ ಸೌದೆ ಸೀಳೋಕೆ ಕರೆದ್ರೆ ದಯವಿಟ್ಟು ಹೋಗಿ, ಹಳೇ ಬಟ್ಟೆ ಹಾಕ್ಕೊಂಡು ದಪ್ಪ ಗ್ಲೌಸ್ ತಗೊಂಡು.