ವಿದ್ಯಾರ್ಥಿವೇತನದ ಕಡತ ಮತ್ತು ಜೂನ್ ತಿಂಗಳ ಶುಲ್ಕ

ಕೊಡಗಿನ ಅನುದಾನಿತ ಕಾಲೇಜೊಂದರ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕಡತಗಳನ್ನು ನೋಡಿಕೊಳ್ಳುವ ನನಗೆ, ಬಡವರ ಮಕ್ಕಳು ಪದವಿಯನ್ನು ಅರ್ಧಕ್ಕೆ ಬಿಡುವುದಕ್ಕೆ ನೆರವಿನ ಮೊತ್ತ ಸಾಲದಿರುವುದಕ್ಕಿಂತ ಅದು ಹೊತ್ತಿಗೆ ಬಾರದಿರುವುದೇ ಹೆಚ್ಚಿನ ಕಾರಣವೆಂದು ಮನದಟ್ಟಾಗಿದೆ. ಪ್ರವೇಶ ಶುಲ್ಕ ಕಟ್ಟಬೇಕಾದದ್ದು ಮಳೆ ಹಿಡಿಯುವ ಜೂನ್ ಸುಮಾರಿಗೆ. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ನಾಲ್ಕು ಕಾಸು ಓಡಾಡುವುದು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದವರ ಖಾತೆಗೆ ಹಣ ಬೀಳುವುದು ಎಷ್ಟೋ ಸಲ ಪರೀಕ್ಷೆ ಹತ್ತಿರವಾದ ಮೇಲೆ.

ಶುಲ್ಕವೊಂದೇ ಆಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಊಟ, ವಸತಿ, ಪ್ರಯಾಣಗಳೇ ದೊಡ್ಡ ಹೊರೆ. ಹಾಸ್ಟೆಲಿನಲ್ಲಿ ಸ್ಥಾನ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳ ನೆರವಿದೆ, ಆದರೆ ಬಾಡಿಗೆ ಕೇಳುವ ಮನೆಯೊಡೆಯರು ಮಂಜೂರಾತಿಗಾಗಿ ಕಾಯುವುದಿಲ್ಲ. 2023ರಲ್ಲಿ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಅನುಕೂಲವಾಗಿದೆಯಾದರೂ, ಖಾಸಗಿ ಬಸ್ಸುಗಳನ್ನೇ ನಂಬಿರುವ ಒಳಊರುಗಳಿಗೆ ಅದು ತಲುಪುವುದಿಲ್ಲ.

ನಮ್ಮ ಜಿಲ್ಲೆಗೇ ವಿಶಿಷ್ಟವಾದ ತೊಡಕೊಂದಿದೆ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ನಿಗದಿಯಾಯಿತು. ಅದಕ್ಕೆ ಪೋಷಕರು ರೈತರೆಂದು ನೋಂದಾಯಿಸಿದ ಫ್ರೂಟ್ಸ್ ಸಂಖ್ಯೆ ಬೇಕು, ಆ ಸಂಖ್ಯೆಗೆ ಪಹಣಿ ಬೇಕು. ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಭೂಮಿಯ ಪಹಣಿಯಲ್ಲಾದರೋ ಪಟ್ಟೆದಾರರ ಹೆಸರಿನಡಿ ಇಡೀ ಒಕ್ಕವೇ, ಅಂದರೆ ಒಂದೇ ಮನೆತನದ ಎಲ್ಲರೂ, ಇರುವುದುಂಟು. ಸ್ವತಃ ಉಳುವ ತಂದೆಯ ಪಾಲು ಎಷ್ಟೆಂಬುದು ಕಾಗದದಲ್ಲಿ ಕಾಣುವುದೇ ಇಲ್ಲ. ಇದನ್ನು ಕಾಲೇಜಿನ ಗುಮಾಸ್ತರು ಬಗೆಹರಿಸಲಾರರು, ಆದರೆ ಮೊದಲೇ ತಿಳಿಸಿದರೆ ಆ ಮನೆಯವರು ಬಾರದ ಹಣವನ್ನು ಲೆಕ್ಕಕ್ಕೆ ಹಿಡಿದು ಕೂರುವುದಾದರೂ ತಪ್ಪುತ್ತದೆ.

ಆದುದರಿಂದ ಈಗ ದ್ವಿತೀಯ ಪಿಯುಸಿ ಫಲಿತಾಂಶಕ್ಕೆ ಮುನ್ನವೇ ಸುತ್ತಲಿನ ಪದವಿಪೂರ್ವ ಕಾಲೇಜುಗಳಿಗೆ ಹೋಗಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಅಂಕಪಟ್ಟಿಗೂ ಆಧಾರ್‌ಗೂ ಹೆಸರು ತಾಳೆಯಾಗುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಇಷ್ಟನ್ನು ಪರಿಶೀಲಿಸುತ್ತೇವೆ. ಖಾತೆಯಲ್ಲಿ ಹಣವಿದ್ದ ಮಾತ್ರಕ್ಕೆ ಆಧಾರ್ ಮೂಲಕ ನೆರವಿನ ಹಣ ಆ ಖಾತೆಗೆ ಬೀಳಲು ಬೇಕಾದ ಎನ್‌ಪಿಸಿಐ ಜೋಡಣೆ ಆಗಿದೆಯೆಂದು ತಿಳಿಯುವವರೇ ಬಹಳ. ಅದು ಆಗಿರದಿದ್ದರೆ ಮಂಜೂರಾದ ಹಣ ಅಲ್ಲಿಯೇ ನಿಂತುಬಿಡುತ್ತದೆ. ಅರ್ಧ ಶುಲ್ಕವನ್ನು ಕೊಯ್ಲಿನ ಕಾಲಕ್ಕೆ ಕಂತಾಗಿ ಕಟ್ಟಲು ಆಡಳಿತ ಮಂಡಳಿ ಒಪ್ಪಿರುವುದು ಎಲ್ಲಕ್ಕಿಂತ ಉಪಯುಕ್ತವಾಗಿದೆ. ಪರೀಕ್ಷಾ ಶುಲ್ಕ ಮಾತ್ರ ವಿಶ್ವವಿದ್ಯಾಲಯಕ್ಕೆ ಗೊತ್ತುಪಡಿಸಿದ ದಿನವೇ ಸಲ್ಲಬೇಕಾದ್ದರಿಂದ, ಅದಕ್ಕೆ ಈ ಸಡಿಲಿಕೆ ಇನ್ನೂ ಸಾಧ್ಯವಾಗಿಲ್ಲ.