ಮೊದಲು 'ಇದ್ದರೆ', ಆಮೇಲೆ 'ಮಾಡಿ'

ಟೀಮಿನ ಹುಡುಗಿಯೊಬ್ಬಳು ಬರೆದ ಸಾಫ್ಟ್‌ವೇರ್ ಇನ್‌ಸ್ಟಾಲೇಷನ್ ಗೈಡ್ ನೋಡ್ತಿದ್ದೆ ಇವತ್ತು. ಇಂಗ್ಲಿಷಲ್ಲಿತ್ತು. ನಾಲ್ಕನೇ ಸ್ಟೆಪ್ಪು: ಹಳೇ ಫೋಲ್ಡರ್ ಡಿಲೀಟ್ ಮಾಡಿ.
ಅದರ ಕೆಳಗೆ, ಆರಾಮಾಗಿ: ಬ್ಯಾಕಪ್ ತಗೊಂಡಿದ್ರೆ ಮಾತ್ರ.

ಅಷ್ಟೊತ್ತಿಗೆ ಓದೋನು ಎಂಟರ್ ಒತ್ತಿ ಆಗಿರುತ್ತಲ್ಲ ಮಾರಾಯ್ರೆ!

ಗೂಗಲ್‌ನವರು ಡೆವಲಪರ್ ಡಾಕ್ಯುಮೆಂಟೇಶನ್‌ಗೆ (ಸಾಫ್ಟ್‌ವೇರ್ ಮಾಡೋರು ಓದೋ ಕೈಪಿಡಿಗಳಿಗೆ) ಅಂತ ಇಟ್ಟುಕೊಂಡಿರೋ, ಹೇಗೆ ಬರೀಬೇಕು ಅಂತ ಹೇಳೋ ಸ್ಟೈಲ್ ಗೈಡ್‌ನಲ್ಲಿ ಇದಕ್ಕೇ ಒಂದು ನಿಯಮ ಇದೆ. ಷರತ್ತು ಮೊದಲು, ಸೂಚನೆ ಆಮೇಲೆ. ಹಾಗಿದ್ರೆ ತನಗೆ ಸಂಬಂಧ ಇಲ್ಲದ ಸಾಲನ್ನ ಓದೋನು ಅರ್ಧಕ್ಕೇ ಬಿಟ್ಟು ಮುಂದೆ ಹೋಗಬಹುದು.

ನಮ್ಮಮ್ಮ ಯಾವ ಗೈಡೂ ಓದಿದವಳಲ್ಲ. 'ಮಳೆ ಬಂದ್ರೆ ಬಟ್ಟೆ ಒಳಗೆ ಹಾಕು' ಅಂತಲೇ ಹೇಳ್ತಾಳೆ. ಕನ್ನಡದಲ್ಲಿ ಷರತ್ತು ತಾನಾಗೇ ಮುಂದೆ ಬಂದು ನಿಲ್ಲುತ್ತೆ. ಆ ಹುಡುಗಿಯೂ ಧಾರವಾಡದವಳೇ, ಮಾತಾಡುವಾಗ ಸರಿಯಾಗೇ ಇರ್ತಾಳೆ. ಇಂಗ್ಲಿಷಲ್ಲಿ ಬರೆಯೋಕೆ ಕೂತ್ರೆ ಮಾತ್ರ ಉಲ್ಟಾ.

ಎರಡು ಸಾಲನ್ನೂ ಅದಲುಬದಲು ಮಾಡಿ ಕಳಿಸಿದೀನಿ.