ಇಂಟರ್ನೆಟ್ ಆಫ್ ಮಾಡಿದರೂ ಓಡುವ ಅಂಕಿ

ಮೊನ್ನೆ ರಾತ್ರಿ ಮಗಳು ನನ್ನ ಫೋನಲ್ಲಿ ವರ್ಲ್ಡೋಮೀಟರ್ ಅನ್ನೋ ಅಂಕಿಅಂಶದ ವೆಬ್‌ಸೈಟ್ ತೆಗೆದು ಕೂತಿದ್ದಳು. ಪ್ರಪಂಚದ ಜನಸಂಖ್ಯೆ 800 ಕೋಟಿ ದಾಟಿ ಓಡುತ್ತಾನೇ ಇದೆ, ಅದರ ಕೆಳಗೆ ಇವತ್ತು ಹುಟ್ಟಿದವರು, ಇವತ್ತು ಸತ್ತವರು. "ಅಪ್ಪಾ, ಎಲ್ಲೇ ಮಗು ಹುಟ್ಟಿದ್ರೂ ಇವರಿಗೆ ತಕ್ಷಣ ಹೇಗೆ ಗೊತ್ತಾಗುತ್ತೆ?" ಅಂದಳು. ನಾನು ಇಂಟರ್ನೆಟ್ ಆಫ್ ಮಾಡಿ ಫೋನನ್ನು ಅವಳ ಕೈಗೇ ಕೊಟ್ಟೆ. ಅಂಕಿ ಓಡುತ್ತಲೇ ಇತ್ತು. ಅವಳ ಮುಖ ಸಪ್ಪಗಾಯಿತು.

ಅಲ್ಲಿ ಯಾರೂ ಎಣಿಸುತ್ತಿಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 13 ಕೋಟಿ ಮಕ್ಕಳು ಹುಟ್ಟುತ್ತವೆ, ಅಂದರೆ ಸೆಕೆಂಡಿಗೆ ನಾಲ್ಕು ಚಿಲ್ಲರೆ, ಅದನ್ನು ಗಡಿಯಾರಕ್ಕೆ ಜೋಡಿಸಿ ಬಿಟ್ಟಿರುತ್ತಾರೆ ಅಷ್ಟೇ. ಬೆಂಗಳೂರಿನ ನಾಗರಬಾವಿಯ ಐಸೆಕ್ ಅನ್ನೋ ಸಮಾಜ-ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿರುವ ಜನಸಂಖ್ಯಾ ಗಡಿಯಾರವೂ ಅಂದಾಜಿನ ಮೇಲೇ ನಡೆಯೋದು.

ಅಂದಾಜು ತಪ್ಪು ಅಂತಲ್ಲ, ಬೇಕೇ ಬೇಕು. ಆದರೆ ಅದಕ್ಕೂ ಒಂದು ಬುಡ ಇರಬೇಕಲ್ವಾ? ನಮಗೆ ಆ ಬುಡ 2011ರ ಜನಗಣತಿ. ದೇಶಕ್ಕೆ 121 ಕೋಟಿ, ಕರ್ನಾಟಕಕ್ಕೆ 6.11 ಕೋಟಿ. ಕೋವಿಡ್ ಬಂದು 2021ರ ಗಣತಿ ನಿಂತುಹೋಯಿತು, ಈಗ 2027ರ ಮಾರ್ಚ್ 1ರ ಲೆಕ್ಕಕ್ಕೆ ಬಂದು ನಿಂತಿದೆ. ಆಹಾರ ಭದ್ರತಾ ಕಾಯ್ದೆಯಲ್ಲಿ ಎಷ್ಟು ಜನಕ್ಕೆ ರೇಷನ್ ಅನ್ನೋದು ಇವತ್ತಿಗೂ ಆ ಹಳೇ ಅಂಕಿಯ ಮೇಲೇ ಇದೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಆ 6.11 ಕೋಟಿಯಲ್ಲಿ ಒಂದಿಷ್ಟು ಜನರನ್ನು ಬರೆದವಳು ನಮ್ಮಮ್ಮ. ಪ್ರೈಮರಿ ಶಾಲೆ ಟೀಚರ್, ಗಣತಿ ಡ್ಯೂಟಿ ಬಿದ್ದಿತ್ತು. ಫೆಬ್ರವರಿ 9ರಿಂದ ತಿಂಗಳ ಕೊನೆವರೆಗೂ ಶಾಲೆ ಮುಗಿಸಿ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಕೆಲವು ಮನೆಗೆ ಬೀಗ ಹಾಕಿದ್ದಕ್ಕೆ ಮೂರ್ಮೂರು ಸಲ ಹೋಗಿ ಬರೆದಳು. ಫೆಬ್ರವರಿ 28ರ ರಾತ್ರಿ ಬಸ್‌ಸ್ಟ್ಯಾಂಡಲ್ಲಿ ಮಲಗಿದ್ದವರನ್ನೂ ಎಬ್ಬಿಸಿ ಹೆಸರು ಕೇಳಿದಳು. ಆಮೇಲೆ ಮಾರ್ಚ್ ಮೊದಲ ವಾರ ಅದೇ ಮನೆಗಳಿಗೆ ಇನ್ನೊಂದು ಸುತ್ತು. ಐದು ಜನ ಅಂತ ಬರೆದಿದ್ದ ಒಂದು ಮನೆಯಲ್ಲಿ ಬಾಣಂತಿ ಮಲಗಿದ್ದಳು. ಗಂಡು ಮಗು, 28ರ ಸಂಜೆ ಹುಟ್ಟಿದ್ದು. ಗಣತಿಯ ಲೆಕ್ಕ ಮಾರ್ಚ್ 1 ಶುರುವಾಗುವ ಕ್ಷಣದ್ದು, ರಾತ್ರಿ ಹನ್ನೆರಡು ದಾಟಿ ಹುಟ್ಟಿದ್ದರೆ ಲೆಕ್ಕಕ್ಕಿಲ್ಲ. ಅಮ್ಮ ಅಲ್ಲೇ ಜಗಲಿ ಮೇಲೆ ಕೂತು ಐದನ್ನು ಆರು ಮಾಡಿದಳು. ಹೆಸರಿಟ್ಟಿರಲಿಲ್ಲ, ಸುಮ್ನೆ 'ಮಗು' ಅಂತ ಬರೆದಳಂತೆ.

ಆ ಹುಡುಗನಿಗೆ 2027ಕ್ಕೆ ಹದಿನಾರು ತುಂಬುತ್ತೆ. ಅವನಿಗೊಬ್ಬ ತಮ್ಮ ಇದ್ದಾನೆ, ಹೈಸ್ಕೂಲು. ಅವನನ್ನು ಜನಗಣತಿಯಲ್ಲಿ ಇನ್ನೂ ಯಾರೂ ಎಣಿಸಿಲ್ಲ.